ಮೋಟಾರು ಗಾಡಿಯ ಒಳಹೊದಿಕೆ: ಪೋರೂರಿನ ಹಾದಿಯ ಒಂದು ಕಸುಬಿನ ಚರಿತ್ರೆ

ಚೆನ್ನೈ ನಗರದ ಪಡುವಣ ಅಂಚಿನಲ್ಲಿದ್ದು 2011ರಲ್ಲಿ ಮಹಾನಗರಪಾಲಿಕೆಗೆ ಸೇರಿದ ಪೋರೂರಿನಲ್ಲಿ ಎರಡು ಹಳೆಯ ದಾರಿಗಳು ಕೂಡುತ್ತವೆ. ಒಂದು, ತಮಿಳರು ಪರಂಗಿಮಲೆಯೆಂದು ಕರೆಯುವ ಸೇಂಟ್ ಥಾಮಸ್ ಮೌಂಟಿನಿಂದ ಪೂನಮಲ್ಲಿಗೆ ಹೋಗುವ ದಾರಿ. ಇನ್ನೊಂದು, ಕೋಡಂಬಾಕ್ಕಂ ವಡಪಳನಿಗಳನ್ನು ಹಾದು ಬರುವ ಆರ್ಕಾಟು ರಸ್ತೆ. ಪರಂಗಿಮಲೆಯು ಮದರಾಸು ಸೇನೆಯ ಫಿರಂಗಿದಳದ ಮುಖ್ಯ ನೆಲೆಯಾಗಿತ್ತು. ಪೂನಮಲ್ಲಿಯಲ್ಲಿ ಬಿಳಿಯ ಸೈನಿಕರ ದಂಡು ಇಳಿಯುತ್ತಿತ್ತು. ಬೆಂಗಳೂರಿಗೆ ಹೋಗುವ ಹೆದ್ದಾರಿ ಪೂನಮಲ್ಲಿಯ ಮೇಲೆಯೇ ಹಾಯುವುದರಿಂದ ಮೈಸೂರು ಸೀಮೆಗೂ ಮದರಾಸಿಗೂ ನಡೆದ ಹೋಗುಬರವೆಲ್ಲ ಈ ಸುತ್ತಿನಲ್ಲಿಯೇ ಸಾಗಿತು. 1769ರಲ್ಲಿ ಹೈದರಾಲಿಯ ಕುದುರೆದಳ ಪರಂಗಿಮಲೆಯ ಬಳಿ ಬಂದು ನಿಂತು ಕಂಪನಿಯವರನ್ನು ಒಪ್ಪಂದಕ್ಕೆ ತಂದ ಸಂಗತಿಯನ್ನು ಕನ್ನಡಿಗರು ಮರೆತಿರಲಾರರು. ಕುದುರೆಯಿದ್ದ ಕಡೆ ಜೀನು ಬೇಕು. ಫಿರಂಗಿಯ ಬಂಡಿಯಿದ್ದ ಕಡೆ ತೊಗಲಿನ ಪಟ್ಟಿ ಬೇಕು. ದೊರೆಗಳ ಸಾರೋಟು ಓಡಾಡಿದ ಕಡೆ ಮೆತ್ತೆ ಕಟ್ಟುವವನೂ ಅಸ್ತರಿ ಹೊಲಿಯುವವನೂ ಬೇಕು. ಮದರಾಸಿನ ಮೋಟಾರು ಗಾಡಿಗಳ ಒಳಹೊದಿಕೆಯ ಕಸುಬು ಹುಟ್ಟಿದ್ದು ಈ ಬಗೆಯ ಅವಶ್ಯಕತೆಗಳಿಂದ.

ಮೋಟಾರಿನ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಯಂತ್ರದ ಚರಿತ್ರೆಯನ್ನೇ ಬರೆದಿದ್ದಾರೆ. ಎಷ್ಟು ಸಿಲಿಂಡರು, ಎಷ್ಟು ಕುದುರೆಬಲ, ಯಾವ ವರ್ಷದ ಮಾದರಿ ಎಂಬ ವಿವರಗಳಿಗೆ ಕೊರತೆಯಿಲ್ಲ. ಆದರೆ ಕುಳಿತವನ ಮೈ ಮುಟ್ಟುವ ಭಾಗ, ಎಂದರೆ ಸೀಟಿನ ತೊಗಲು, ಬಾಗಿಲಿನ ಒಳಹಲಗೆ, ಚಾವಣಿಯ ಮೇಲ್ಕಟ್ಟು, ಡ್ಯಾಷ್‌ಬೋರ್ಡಿನ ಮರ, ಕಾಲಡಿಯ ಹಾಸು, ಇವುಗಳ ವಿಷಯದಲ್ಲಿ ಆ ಪುಸ್ತಕಗಳು ಒಂದೆರಡು ಸಾಲುಗಳಿಗೆ ತೃಪ್ತಿಪಡುತ್ತವೆ. ಗಾಡಿಯಲ್ಲಿ ಮೊದಲು ಸವೆಯುವುದು ಇವೇ. ಮೊದಲು ಕಿತ್ತೆಸೆಯಲ್ಪಡುವುದೂ ಇವೇ. ಎಂಜಿನ್ನನ್ನು ಬಿಚ್ಚಿ ಜೋಡಿಸಿದ ಮೇಲೆಯೂ ಅದು ಅದೇ ಎಂಜಿನ್ನಾಗಿರುತ್ತದೆ. ಒಳಹೊದಿಕೆಯನ್ನು ಕಿತ್ತು ಹೊಸದನ್ನು ಹಾಕಿದ ಗಾಡಿಯ ವಿಷಯದಲ್ಲಿ ಹಾಗೆ ಹೇಳಲು ಬರುವುದಿಲ್ಲ. ಸವೆದುದನ್ನು ಬದಲಿಸಬೇಕೋ ಬಲಪಡಿಸಿ ಉಳಿಸಬೇಕೋ ಎಂಬ ಪ್ರಶ್ನೆಯನ್ನು ತೀರ್ಮಾನಿಸಬೇಕಾದರೆ ಆ ವಸ್ತು ಏನು, ಎಲ್ಲಿಂದ ಬಂತು, ಯಾರ ಕೈಯಲ್ಲಿ ರೂಪುಗೊಂಡಿತು ಎಂಬುದು ಮೊದಲು ತಿಳಿದಿರಬೇಕು.

ಮದರಾಸಿನ ಮೌಂಟ್ ರೋಡಿನ ಸಿಂಪ್ಸನ್ ಕಂಪನಿಯ ಚರಿತ್ರೆ ಇಲ್ಲಿ ಮೊದಲು ನೆನಪಿಗೆ ಬರುತ್ತದೆ. 1840ರಲ್ಲಿ ಆರಂಭವಾದ ಈ ಸಂಸ್ಥೆಯ ಮೊದಲ ವ್ಯವಹಾರ ಸಾರೋಟು ಕಟ್ಟುವುದು ಮತ್ತು ಕುದುರೆಯ ಸಾಮಗ್ರಿಗಳನ್ನು ಮಾಡುವುದು. ಮುಂದೆ ರೈಲುಗಾಡಿಗಳು ಬಂದುವು. ಆಮೇಲೆ ಮೋಟಾರು ಬಂತು. 1903ರಲ್ಲಿ ಸ್ಯಾಮ್ಯುಯೆಲ್ ಜಾನ್ ಗ್ರೀನ್ ಎಂಬಾತ ಇದೇ ಕಾರ್ಖಾನೆಯಲ್ಲಿ ಒಂದು ಉಗಿಕಾರನ್ನು ಕಟ್ಟಿದನು. ಆ ಕಾಲದ ಪದ್ಧತಿಯಂತೆ ಮೋಟಾರಿನ ಚಾಸಿ ಮಾತ್ರ ವಿಲಾಯಿತಿಯಿಂದ ಬರುತ್ತಿದ್ದುದುಂಟು. ಮೈಯನ್ನು ಇಲ್ಲಿಯೇ ಕಟ್ಟಿಸಿಕೊಳ್ಳಬೇಕಾಗಿತ್ತು. ಸಾರೋಟು ಕಟ್ಟುತ್ತಿದ್ದ ಬಡಗಿಯೇ ಮೋಟಾರಿಗೂ ತೇಗದ ಚೌಕಟ್ಟನ್ನು ಕಟ್ಟಿದನು. ಜೀನು ಹೊಲಿಯುತ್ತಿದ್ದವನೇ ಸೀಟನ್ನು ಹೊಲಿದನು. ಉಕ್ಕಿನ ಸುರುಳಿಗಳ ಮೇಲೆ ಗೋಣಿತಾಟು, ಅದರ ಮೇಲೆ ಕುದುರೆಗೂದಲು ಅಥವಾ ತೆಂಗಿನ ನಾರು, ಅದರ ಮೇಲೆ ಹತ್ತಿಯ ಪದರ, ಎಲ್ಲಕ್ಕೂ ಮೇಲೆ ತೊಗಲು: ಈ ಕ್ರಮವು ಸಾರೋಟಿನಲ್ಲಿ ಇದ್ದಂತೆಯೇ ಮೋಟಾರಿನೊಳಕ್ಕೂ ಬಂತು. ಇಂಗ್ಲೆಂಡಿನಲ್ಲಿಯೂ ನಡೆದುದು ಇದೇ ಆದ್ದರಿಂದ ಮದರಾಸಿನ ಕಸುಬುದಾರನಿಗೆ ವಿಲಾಯಿತಿ ಗಾಡಿಯೊಂದರ ಸೀಟನ್ನು ಬಿಚ್ಚಿದಾಗ ಅಪರಿಚಿತವಾದುದೇನೂ ಕಾಣಿಸುತ್ತಿರಲಿಲ್ಲ.

ಕಂಪನಿಗಳ ಚರಿತ್ರೆಯಲ್ಲಿ ಸ್ಥಾಪಕರ ಹೆಸರಿರುತ್ತದೆ, ಎಂಜಿನಿಯರರ ಹೆಸರಿರುತ್ತದೆ. ದಬ್ಬಣ ಹಿಡಿದವನ ಹೆಸರಿರುವುದಿಲ್ಲ. ಬಸವಣ್ಣನವರ ಪಾದಗಳಿಗಾಗಿ ತನ್ನ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿದನೆಂದು ಪರಂಪರೆ ಕೊಂಡಾಡುವ ಸಮಗಾರ ಹರಳಯ್ಯನನ್ನು ಬಿಟ್ಟರೆ, ತೊಗಲಿನ ಕೆಲಸದವನೊಬ್ಬನು ಹೆಸರುಗೊಂಡು ನಿಂತ ಪ್ರಸಂಗಗಳು ಕನ್ನಡದ ನೆನಪಿನಲ್ಲಿಯೂ ವಿರಳವೆನ್ನಬೇಕು. ಆತನ ಕೈಬರಹ ಉಳಿದಿರುವುದು ಹೊಲಿಗೆಯಲ್ಲಿ ಮಾತ್ರ.

ಇನ್ನು ತೊಗಲಿನ ವಿಚಾರ. ಮದರಾಸು ಪ್ರಾಂತ್ಯದ ಹಳೆಯ ಹದ ತಂಗಡಿ ಗಿಡದ ತೊಗಟೆಯಿಂದ ಆಗುತ್ತಿತ್ತು. ಆವರಿಕೆ ಎಂದೂ ತಮಿಳಿನಲ್ಲಿ ಆವಾರಂ ಎಂದೂ ಕರೆಯುವ ಈ ಹಳದಿ ಹೂವಿನ ಪೊದೆ ಕೋಲಾರ ಚಿತ್ರದುರ್ಗಗಳ ಬಯಲಿನಲ್ಲಿ ಬೆಳೆಯುವಂತೆಯೇ ತಮಿಳುನಾಡಿನ ಒಣ ಜಿಲ್ಲೆಗಳಲ್ಲಿಯೂ ಬೆಳೆಯುತ್ತದೆ. ತೊಗಟೆಯ ಕಷಾಯದಲ್ಲಿ ನೆನೆಸಿ, ಅಳಲೆಕಾಯಿಯ ನೀರಿನಲ್ಲಿ ಅದ್ದಿ, ಹೊಂಗೆ ಮುಂತಾದ ಎಣ್ಣೆಯನ್ನು ತಿಕ್ಕಿದ ತೊಗಲು ಲಂಡನ್ನಿನ ಪೇಟೆಯಲ್ಲಿ ಈಸ್ಟ್ ಇಂಡಿಯಾ ತೊಗಲು ಎಂಬ ಹೆಸರಿನಿಂದ ಮಾರಾಟವಾಗುತ್ತಿತ್ತು. 1914ರಿಂದ 1918ರವರೆಗಿನ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರ ಬೂಟುಗಳಿಗೆ ಈ ತೊಗಲು ದೊಡ್ಡ ಪ್ರಮಾಣದಲ್ಲಿ ಹೋಯಿತು.

ಎರಡನೆಯ ಹದ ಕ್ರೋಮಿಯಂ ಲವಣದ್ದು. ಇದನ್ನು ಮದರಾಸಿನಲ್ಲಿ ನೆಲೆಗೊಳಿಸಲು ಶ್ರಮಿಸಿದವರಲ್ಲಿ ಆಲ್‌ಫ್ರೆಡ್ ಚಾಟರ್‌ಟನ್ ಪ್ರಮುಖರು. ಮದರಾಸಿನ ಕಲಾಶಾಲೆಯಲ್ಲಿ ಅಲ್ಯೂಮಿನಿಯಂ ಪಾತ್ರೆಗಳ ಕೈಗಾರಿಕೆಯನ್ನು ಆರಂಭಿಸಿದ ಈ ಎಂಜಿನಿಯರರು ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಕ್ರೋಮ್ ಹದದ ಪ್ರಯೋಗಗಳನ್ನು ನಡೆಸಿದರು. ಸರ್ಕಾರವು ಕೈಗಾರಿಕೆಗೆ ಕೈಹಾಕಬಾರದೆಂಬ ವಾದ ಲಂಡನ್ನಿನಲ್ಲಿ ಗೆದ್ದುದರಿಂದ 1910ರ ಸುಮಾರಿಗೆ ಅವರ ಕೆಲಸಕ್ಕೆ ಮದರಾಸಿನಲ್ಲಿ ಅಡ್ಡಿ ಬಂತು. 1912ರಲ್ಲಿ ಅವರು ಮೈಸೂರಿಗೆ ಬಂದು ಕೈಗಾರಿಕಾ ಇಲಾಖೆಯ ಮುಖ್ಯಾಧಿಕಾರಿಯಾದರು. ವಿಶ್ವೇಶ್ವರಯ್ಯನವರು ದಿವಾನರಾದ ಮೇಲೆ ಶ್ರೀಗಂಧದ ಎಣ್ಣೆಯ ಕಾರ್ಖಾನೆಯೇ ಮೊದಲಾದ ಯೋಜನೆಗಳಲ್ಲಿ ಅವರಿಗೆ ನೆರವಾದರು. ಮದರಾಸು ಬೇಡವೆಂದ ವಿದ್ಯೆಯನ್ನು ಮೈಸೂರು ಕೈಹಿಡಿದು ಕರೆದುಕೊಂಡಿತೆಂದರೆ ಅತಿಶಯೋಕ್ತಿಯಾಗಲಾರದು. ಇತ್ತ ಪಲ್ಲಾವರದ ಬಳಿ ಚೇಂಬರ್ಸ್ ಎಂಬ ಉದ್ಯಮಿಯ ಕ್ರೋಮ್ ಲೆದರ್ ಕಂಪನಿ ಬೆಳೆದು, ಅದರ ಸುತ್ತಲಿನ ಊರಿಗೆ ಕ್ರೋಂಪೇಟೆ ಎಂಬ ಹೆಸರೇ ಬಂತು. ಪೋರೂರಿನಿಂದ ಕ್ರೋಂಪೇಟೆಗೆ ಕೆಲವೇ ಮೈಲಿ.

ಈ ಎರಡು ಹದಗಳ ವ್ಯತ್ಯಾಸ ದುರಸ್ತಿ ಮಾಡುವವನಿಗೆ ಪ್ರಾಣಪ್ರಶ್ನೆ. ಕತ್ತರಿಸಿದ ಅಂಚನ್ನು ನೋಡಿದರೆ ತೊಗಟೆಯ ಹದದ ತೊಗಲು ಒಳಗೆಲ್ಲ ಕಂದಾಗಿ ಕಾಣುತ್ತದೆ. ಕ್ರೋಮ್ ಹದದ್ದು ಸಾಮಾನ್ಯವಾಗಿ ನೀಲಿ ಬೆರೆತ ಬೂದುಬಣ್ಣ. ತೊಗಟೆಯ ಹದದ ತೊಗಲಿಗೆ ಕಬ್ಬಿಣದ ಮೊಳೆ ಹೊಡೆದು ತೇವ ತಗುಲಿದರೆ ಮೊಳೆಯ ಸುತ್ತ ಶಾಯಿಯಂಥ ಕಪ್ಪು ಹರಡಿ, ಕಾಲಕ್ರಮದಲ್ಲಿ ಆ ಜಾಗವೇ ಮುರಿದುಬೀಳುತ್ತದೆ. ಹಿಂದಿನವರು ಅಳಲೆಕಾಯಿಗೂ ಕಬ್ಬಿಣಕ್ಕೂ ಸೇರಿಸಿ ಮಸಿ ಮಾಡುತ್ತಿದ್ದುದು ಇದೇ ಗುಣದ ಆಧಾರದ ಮೇಲೆ. ಆದಕಾರಣ ಅಂಥ ತೊಗಲಿಗೆ ಹಿತ್ತಾಳೆಯ ಅಥವಾ ತಾಮ್ರದ ಮೊಳೆಯೇ ಸರಿ. ಬಿಸಿನೀರು ತೊಗಟೆಯ ಹದವನ್ನು ಕೂಡಲೇ ಸುಕ್ಕಿಸುತ್ತದೆ. ಕ್ರೋಮ್ ಹದ ಅದನ್ನು ಬಹಳಮಟ್ಟಿಗೆ ತಾಳಿಕೊಳ್ಳುತ್ತದೆ. ಇದನ್ನರಿಯದೆ ಎಲ್ಲ ಹಳೆಯ ಸೀಟುಗಳಿಗೂ ಒಂದೇ ಎಣ್ಣೆ, ಒಂದೇ ಸಾಬೂನು ಹಾಕುವವರು ಸವೆತಕ್ಕಿಂತ ಹೆಚ್ಚಿನ ಹಾನಿಯನ್ನು ಒಂದೇ ದಿನದಲ್ಲಿ ಮಾಡಬಲ್ಲರು.

ತೊಗಲು ತುಟ್ಟಿಯಾದಾಗ ರೆಕ್ಸಿನ್ ಬಂತು. ಇಂದು ಕನ್ನಡದಲ್ಲಿ ಎಲ್ಲ ಬಗೆಯ ಹುಸಿತೊಗಲಿಗೂ ರೆಕ್ಸಿನ್ ಎಂಬ ಹೆಸರು ಅಂಟಿಕೊಂಡಿದೆ. ಮೂಲತಃ ಅದು ಮ್ಯಾಂಚೆಸ್ಟರ್ ಸಮೀಪದ ಹೈಡ್ ಎಂಬ ಊರಿನಲ್ಲಿ ತಯಾರಾಗುತ್ತಿದ್ದ ಒಂದು ಸರಕಿನ ಮುದ್ರೆ. ಹತ್ತಿಯ ಬಟ್ಟೆಯ ಮೇಲೆ ನೈಟ್ರೊಸೆಲ್ಯುಲೋಸಿನ ಲೇಪ; ಅದನ್ನು ಮೆದುವಾಗಿ ಇಡಲು ಹರಳೆಣ್ಣೆ. ಎಣ್ಣೆಯು ವರ್ಷಗಳು ಕಳೆದಂತೆ ಹೊರಬಂದು ಆರಿಹೋದರೆ ಲೇಪ ಸೆಟೆದು ಬಿರುಕುಬಿಡುತ್ತದೆ. ಬಟ್ಟೆ ಗಟ್ಟಿಯಾಗಿದ್ದು ಮೇಲಿನ ಲೇಪ ಮಾತ್ರ ಉದುರಿದ ಬಾಗಿಲಹಲಗೆಗಳಿಗೆ ಕಾರಣ ಇದು. ಎರಡನೆಯ ಮಹಾಯುದ್ಧದ ತರುವಾಯ ಪಿ.ವಿ.ಸಿ. ಲೇಪದ ಬಟ್ಟೆ ಇದರ ಸ್ಥಾನವನ್ನು ಆಕ್ರಮಿಸಿತು.

ಇದೇ ಕಾಲಕ್ಕೆ ಭಾರತದಲ್ಲಿಯೇ ಕಾರು ಕಟ್ಟುವ ಪ್ರಯತ್ನಗಳು ಫಲಿಸಿದುವು. ಬೆಂಗಳೂರಿನಲ್ಲಿ ಮೋಟಾರು ಕಾರ್ಖಾನೆ ಸ್ಥಾಪಿಸಬೇಕೆಂದು ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಯುರೋಪು ಅಮೆರಿಕಗಳನ್ನು ಸುತ್ತಿಬಂದು ಯೋಜನೆ ಸಿದ್ಧಪಡಿಸಿದ್ದರೂ ಬ್ರಿಟಿಷ್ ಸರ್ಕಾರದ ವಿರೋಧದಿಂದ ಅದು ಕೈಗೂಡಲಿಲ್ಲ. ವಾಲ್‌ಚಂದ್ ಹೀರಾಚಂದರು ಆ ಎಳೆಯನ್ನು ಹಿಡಿದು ಮುಂಬಯಿಯಲ್ಲಿ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸಂಸ್ಥೆಯನ್ನು ಕಟ್ಟಿದರು. ಮದರಾಸಿನ ಪಾಲಿಗೆ ಬಂದುದು ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್. ವಂಡಲೂರಿನ ಸಮೀಪದ ಅದರ ಕಾರ್ಖಾನೆಯಿಂದ ವ್ಯಾನ್‌ಗಾರ್ಡ್ ಮುಂತಾದ ಗಾಡಿಗಳು ಬಂದ ಮೇಲೆ 1961ರಲ್ಲಿ ಹೆರಾಲ್ಡ್ ಹೊರಬಂತು. ಇಟಲಿಯ ಮಿಕೆಲೊಟ್ಟಿ ರೂಪಿಸಿದ, ಇಂಗ್ಲೆಂಡಿನಲ್ಲಿ 1959ರಲ್ಲಿ ಪ್ರಕಟವಾದ ಈ ಪುಟ್ಟ ಗಾಡಿಗೆ ಮದರಾಸಿನವರು 1968ರಲ್ಲಿ ನಾಲ್ಕು ಬಾಗಿಲುಗಳನ್ನು ಕೂಡಿಸಿದರು. ಆರ್ಕಾಟು ರಸ್ತೆಯ ಚಿತ್ರಶಾಲೆಗಳಿಗೆ ಕನ್ನಡ ಚಿತ್ರರಂಗವೂ ಎಡತಾಕುತ್ತಿದ್ದ ಕಾಲ ಅದು. ಮದರಾಸಿನ ಮಧ್ಯಮವರ್ಗದ ಕನ್ನಡ ಮನೆಗಳಿಗೆ ಫಿಯಟ್, ಅಂಬಾಸಡರ್, ಹೆರಾಲ್ಡ್ ಎಂಬ ಮೂರು ಹೆಸರುಗಳೇ ಕಾರಿನ ಪರ್ಯಾಯಪದಗಳಾಗಿದ್ದುವು. 1980ರ ದಶಕದ ಕೊನೆಯ ವೇಳೆಗೆ ಸ್ಟ್ಯಾಂಡರ್ಡ್ ಕಾರ್ಖಾನೆ ಮುಚ್ಚಿಹೋಯಿತು.

ಹೆರಾಲ್ಡಿನ ತಲೆಮಾರಿನ ಗಾಡಿಗಳಲ್ಲಿ ಜೀನಗಾರನ ಕೆಲಸ ಅರ್ಧಕ್ಕೆ ಇಳಿದಿತ್ತು. ಬಾಗಿಲಿನ ಒಳಮೈಗೆ ತೇಗದ ಚೌಕಟ್ಟಿಲ್ಲ. ಮರದ ನಾರನ್ನು ಒತ್ತಿ ಮಾಡಿದ ಹಾರ್ಡ್‌ಬೋರ್ಡಿನ ಒಂದು ಹಲಗೆ, ಅದರ ಮೇಲೆ ಲೇಪದ ಬಟ್ಟೆ, ಅಂಚಿನಲ್ಲಿ ಉಕ್ಕಿನ ಕ್ಲಿಪ್ಪುಗಳು. ಕ್ಲಿಪ್ಪನ್ನು ಬಾಗಿಲಿನ ತಗಡಿನ ತೂತಿಗೆ ಒತ್ತಿದರೆ ಹಲಗೆ ಕೂತುಕೊಳ್ಳುತ್ತದೆ. ಕಾರ್ಖಾನೆಗೆ ಇದರಿಂದ ಕಾಲ ಉಳಿಯಿತು. ಹಲಗೆಯ ಆಯುಸ್ಸು ಕುಗ್ಗಿತು. ಕಿಟಕಿಯ ಗಾಜಿನ ಅಂಚಿನ ರಬ್ಬರು ಒಣಗಿದೊಡನೆ ಮಳೆಯ ನೀರು ಬಾಗಿಲಿನೊಳಕ್ಕೆ ಇಳಿಯುತ್ತದೆ. ಅದು ಹೊರಹೋಗಲೆಂದು ಬಾಗಿಲಿನ ತಳದಲ್ಲಿ ಸಣ್ಣ ಕಿಂಡಿಗಳನ್ನು ಬಿಟ್ಟಿರುತ್ತಾರೆ. ಧೂಳಿನಿಂದ ಕಿಂಡಿ ಮುಚ್ಚಿದರೆ ನೀರು ಒಳಗೇ ನಿಂತು, ಹಲಗೆಯ ಕೆಳಗಿನ ಅಂಚು ಅದನ್ನು ಹೀರಿ, ಪುಸ್ತಕದ ಹಾಳೆಗಳಂತೆ ಪದರುಪದರಾಗಿ ಬಿಡಿಸಿಕೊಳ್ಳುತ್ತದೆ. ಕ್ಲಿಪ್ಪಿನ ತೂತುಗಳು ಹರಿಯುತ್ತವೆ. ಮಾಲೀಕರು ದೂರುವುದು ಮೇಲಿನ ಬಟ್ಟೆಯನ್ನು. ರೋಗವಿರುವುದು ಬೆನ್ನಿನಲ್ಲಿ.

ಇದನ್ನೆಲ್ಲ ಒಮ್ಮೆಗೇ ತೋರಿಸಿಕೊಟ್ಟುದು 2015ರ ಪ್ರವಾಹ. ಆ ವರ್ಷದ ಡಿಸೆಂಬರ್ 1ರಂದು ಪೋರೂರಿಗೆ ಪಶ್ಚಿಮದ ಚೆಂಬರಂಬಾಕ್ಕಂ ಕೆರೆಯಿಂದ ಸೆಕೆಂಡಿಗೆ ಸುಮಾರು 29,000 ಘನ ಅಡಿ ನೀರನ್ನು ಬಿಡಲಾಯಿತು. ಅಡ್ಯಾರು ಹೊಳೆ ದಡಮೀರಿ ಮಣಪಾಕ್ಕಂ, ಮುಗಲಿವಾಕ್ಕಂ ಮುಂತಾದ ಬಡಾವಣೆಗಳಿಗೆ ನುಗ್ಗಿತು. ಪ್ರಾಣಹಾನಿಯ ಎದುರಿನಲ್ಲಿ ಕಾರುಗಳ ಮಾತನ್ನೆತ್ತುವುದು ಔಚಿತ್ಯವಲ್ಲವಾದರೂ, ಸಾವಿರಾರು ವಾಹನಗಳು ಕೆಸರುನೀರಿನಲ್ಲಿ ನಿಂತುವೆಂಬುದು ಈ ಕಸುಬಿನ ಚರಿತ್ರೆಗೆ ಸೇರಿದ ಸಂಗತಿ. ಹೊಸ ಗಾಡಿಗಳಿಗೆ ವಿಮೆಯ ದಾರಿಯಿತ್ತು; ಹೊಸ ಸೀಟು, ಹೊಸ ಹಲಗೆ ದೊರೆಯುತ್ತಿದ್ದುವು. ತಯಾರಿಕೆ ನಿಂತು ದಶಕಗಳಾದ ಗಾಡಿಗಳಿಗೆ ಬಿಡಿಭಾಗಗಳೆಲ್ಲಿ? 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತ ಅದೇ ಪ್ರಶ್ನೆಯನ್ನು ನಗರದ ಮುಂದೆ ಮತ್ತೊಮ್ಮೆ ಇಟ್ಟಿತು.

ನೆನೆದ ಒಳಹೊದಿಕೆಯ ಮೊದಲ ಶತ್ರು ಮಾಲೀಕನ ಅವಸರ. ಹಲಗೆಯನ್ನು ಬಿಸಿಲಿಗೆ ಹಾಕಿದರೆ ಒಂದು ಮುಖ ಬೇಗನೆ ಒಣಗಿ ದೋಣಿಯಂತೆ ಬಾಗುತ್ತದೆ, ತೊಗಲು ಸೆಟೆಯುತ್ತದೆ. ನೆರಳಿನಲ್ಲಿ, ಗಾಳಿಯಾಡುವ ಕಡೆ, ಎರಡು ಸಮತಟ್ಟಾದ ಹಲಗೆಗಳ ನಡುವೆ ಹೀರುಕಾಗದ ಹಾಕಿ, ಮೇಲೆ ಭಾರವಿಟ್ಟು, ಕಾಗದವನ್ನು ದಿನದಿನವೂ ಬದಲಾಯಿಸುತ್ತ ಒಣಗಿಸಬೇಕು. ಹಳೆಯ ಓಲೆಗರಿಗಳನ್ನೂ ಕಡತಗಳನ್ನೂ ಕಾಪಾಡುವವರಿಗೆ ಈ ತಾಳ್ಮೆ ಹೊಸದಲ್ಲ. ಬೂಸಲನ್ನು ಒಣ ಕುಂಚದಿಂದ ಮನೆಯ ಹೊರಗೆ ಝಾಡಿಸುವುದು ಕ್ಷೇಮ.

ಒಣಗಿದ ತರುವಾಯ ಬಲಪಡಿಸುವ ಕೆಲಸ. ಬಿಡಿಸಿಕೊಂಡ ಪದರುಗಳ ನಡುವೆ ನೀರಾದ ಮರದ ಅಂಟನ್ನು ಇಳಿಸಿ ಹಿಡಿಕೆ ಹಾಕಿ ಬಿಗಿದರೆ ಅಂಚು ಮತ್ತೆ ಒಂದಾಗುತ್ತದೆ. ಹರಿದ ಕ್ಲಿಪ್ಪಿನ ತೂತಿಗೆ ಹಿಂಬದಿಯಿಂದ ತೆಳುವಾದ ಪ್ಲೈವುಡ್ಡಿನ ತುಂಡನ್ನು, ಅದರ ಅಂಚನ್ನು ಇಳಿಜಾರಾಗಿ ಕೆತ್ತಿ, ಅಂಟಿಸಿ, ಅದರಲ್ಲಿ ತೂತನ್ನು ಹೊಸದಾಗಿ ಕೊರೆಯುತ್ತಾರೆ. ಅಂಚನ್ನು ಕೆತ್ತದೆ ಬಿಟ್ಟರೆ ತುಂಡಿನ ಆಕಾರ ಮುಂಬದಿಯ ಬಟ್ಟೆಯಲ್ಲಿ ಉಬ್ಬಿ ಕಾಣುತ್ತದೆ. ಸೀಟಿನ ತೊಗಲು ಹೊಲಿಗೆಯ ಸಾಲಿನಲ್ಲಿ ಹರಿದಿದ್ದರೆ, ಮೆತ್ತೆಯನ್ನು ಸರಿಸಿ, ಒಳಮೈಗೆ ಬಿಗಿನೆಯ್ಗೆಯ ಬಟ್ಟೆಯ ತೇಪೆಯನ್ನು ಮಣಿಯುವ ಅಂಟಿನಿಂದ ಕೂಡಿಸಿ, ಹಳೆಯ ತೂತುಗಳಲ್ಲಿಯೇ ದಾರವನ್ನು ಮತ್ತೆ ಹಾಯಿಸಬೇಕು; ಹೊಸ ತೂತು ಚುಚ್ಚಿದಷ್ಟೂ ತೊಗಲು ಅಂಚೆಚೀಟಿಯ ಹಾಳೆಯಂತೆ ಹರಿಯಲು ಸಿದ್ಧವಾಗುತ್ತದೆ. ತೇಪೆ ತೊಗಲಿನದೇ ಆಗಬೇಕಾದರೆ ಅದರ ಅಂಚನ್ನು ರಂಪಿಗೆಯಿಂದ ಕಾಗದದಷ್ಟು ತೆಳ್ಳಗೆ ಸವರುತ್ತಾರೆ. ಪೋರೂರು ವಳಸರವಾಕ್ಕಂ ಕಡೆಯ ಕುಶನ್ ಕೆಲಸದವರಿಗಾಗಲಿ ಬೆಂಗಳೂರಿನ ಕುಶನ್ ಕೆಲಸದವರಿಗಾಗಲಿ ಇದು ಬಾರದ ವಿದ್ಯೆಯೇನೂ ಅಲ್ಲ. ಹೊಸ ಸೀಟು ಕವರು ಹಾಕಿಸುವುದಕ್ಕಿಂತ ತೇಪೆಗೆ ಹೆಚ್ಚು ಹೊತ್ತು ಹಿಡಿಯುತ್ತದೆ, ಗಿರಾಕಿ ಹೆಚ್ಚು ಕೂಲಿ ಕೊಡಲು ಒಪ್ಪುವುದಿಲ್ಲ. ಕಸುಬು ಹಿಂದೆ ಸರಿದುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಮರದ ವಿಷಯದಲ್ಲಿ ಅಂಟಿನ ಆಯ್ಕೆಯೇ ಮುಖ್ಯ. ಹಳೆಯ ಬಡಗಿಗಳು ಬಳಸುತ್ತಿದ್ದ ಸರೇಸು ತೇವಕ್ಕೆ ಬಿಡುತ್ತದೆಂಬುದು ಅದರ ದೋಷ. ಬೇಕಾದಾಗ ಉಗುರುಬೆಚ್ಚಗಿನ ನೀರಿನಿಂದ ಬಿಡಿಸಿ ಮತ್ತೆ ಕೂಡಿಸಬಹುದೆಂಬುದು ಅದರ ಗುಣ. ಅರಾಲ್ಡೈಟಿನಂಥ ಅಂಟು ಒಮ್ಮೆ ಹಿಡಿದರೆ ಬಿಡುವುದಿಲ್ಲ. ಮುಂದಿನ ಐವತ್ತು ವರ್ಷಗಳಲ್ಲಿ ಇನ್ನೊಬ್ಬನು ಇದೇ ಡ್ಯಾಷ್‌ಬೋರ್ಡಿನ ಮೇಲೆ ಕೈಯಿಡಬೇಕಾಗುತ್ತದೆಂದು ಎಣಿಸುವವನು ಮೇಲಿನ ತೆಳುಪದರಕ್ಕೆ ಸರೇಸನ್ನೂ, ಭಾರ ಹೊರುವ ಒಳಗಿನ ಕೀಲಿಗೆ ಮಾತ್ರ ಹೊಸ ಅಂಟನ್ನೂ ಆರಿಸಿಕೊಳ್ಳುತ್ತಾನೆ.

ಕಾನೂನು ಈ ವಿಷಯದಲ್ಲಿ ಏನು ಹೇಳುತ್ತದೆ? 2021ರ ಜುಲೈಯಲ್ಲಿ ಕೇಂದ್ರ ಸರ್ಕಾರವು ಮೋಟಾರು ವಾಹನ ನಿಯಮಗಳನ್ನು ತಿದ್ದಿ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಗಾಡಿಗಳಿಗೆ ಪ್ರತ್ಯೇಕ ನೋಂದಣಿಯ ವ್ಯವಸ್ಥೆ ಮಾಡಿತು. ಅವುಗಳ ಫಲಕದಲ್ಲಿ ವಿಎ ಎಂಬ ಅಕ್ಷರಗಳಿರಬೇಕು. ಗಾಡಿಯು ಮೂಲರೂಪದಲ್ಲಿರಬೇಕು, ಚಾಸಿ, ಮೈಗೂಡು, ಎಂಜಿನ್ ಇವುಗಳಲ್ಲಿ ಗಣನೀಯ ಮಾರ್ಪಾಟು ಆಗಿರಬಾರದು ಎಂಬುದು ನಿಬಂಧನೆ. ಈ ಮೂರರ ಪಟ್ಟಿಯಲ್ಲಿ ಒಳಹೊದಿಕೆಗೆ ಸ್ಥಳ ದೊರೆತಿಲ್ಲ. ಅಂತರರಾಷ್ಟ್ರೀಯ ಹಳೆಗಾಡಿಗಳ ಒಕ್ಕೂಟವಾದ ಫೀವಾ ಅಂಗೀಕರಿಸಿದ ಟೂರಿನ್ ಸನ್ನದು ಇನ್ನೂ ಸೂಕ್ಷ್ಮವಾಗಿ ಯೋಚಿಸಿದೆ. ಇದ್ದುದನ್ನು ಇದ್ದಂತೆ ಕಾಪಾಡುವುದಕ್ಕೂ ಹೊಸದಾಗಿ ಮರುರೂಪಿಸುವುದಕ್ಕೂ ಅದು ಭೇದ ಮಾಡುತ್ತದೆ, ಬಳಕೆಯ ಗುರುತುಗಳನ್ನೂ ಚರಿತ್ರೆಯ ಭಾಗವೆಂದು ಎಣಿಸುತ್ತದೆ. ಆದರೆ ಹಳೆಗಾಡಿಗಳ ಮೆರವಣಿಗೆಯಲ್ಲಿ ಹೊಳೆಯುವ ಕೆಂಪು ರೆಕ್ಸಿನ್ನಿಗೆ ಸಿಗುವ ಮೆಚ್ಚುಗೆ ಮಾಸಿದ ಮೂಲ ತೊಗಲಿಗೆ ಸಿಗುವುದು ಅಪರೂಪ. ದೇವಾಲಯದ ಶಿಲ್ಪಕ್ಕೆ ಬಣ್ಣ ಬಳಿದವರನ್ನು ಆಕ್ಷೇಪಿಸುವ ವಿದ್ಯಾವಂತರೇ ತಮ್ಮ ತಂದೆಯ ಕಾರಿನ ಸೀಟನ್ನು ಯೋಚಿಸದೆ ಕಿತ್ತೆಸೆಯುವುದು ಆಶ್ಚರ್ಯದ ಸಂಗತಿಯೆನ್ನದೆ ವಿಧಿಯಿಲ್ಲ.

ಕಿತ್ತೆಸೆದುದರೊಡನೆ ಹೋಗುವುದು ಬಟ್ಟೆ ಮಾತ್ರವಾದರೆ ಚಿಂತೆಯಿರಲಿಲ್ಲ. ಹಳೆಯ ಹಲಗೆಗಳ ಬೆನ್ನಿನಲ್ಲಿ ಸೀಮೆಸುಣ್ಣದ ಅಂಕೆಗಳು, ಎಡಬಲಗಳ ಗುರುತುಗಳು, ಅಳತೆಗಾಗಿ ಸೀಸದಕಡ್ಡಿಯಿಂದ ಎಳೆದ ಗೆರೆಗಳು ಇರುವುದುಂಟು. ಸೀಟಿನೊಳಗಿನ ಗೋಣಿತಾಟಿನ ಮೇಲೆ ಯಾವುದೋ ಗಿರಣಿಯ ಮುದ್ರೆ ಉಳಿದಿರುತ್ತದೆ. ಹೊಲಿಗೆಯ ಅಂತರ ಒಂದು ಕಡೆ ಒತ್ತಾಗಿ ಇನ್ನೊಂದು ಕಡೆ ವಿರಳವಾಗಿದ್ದರೆ ಎರಡು ಕೈಗಳು ಕೆಲಸ ಮಾಡಿರಬೇಕೆಂದೋ, ನಡುವೆ ದುರಸ್ತಿಯಾಯಿತೆಂದೋ ಊಹಿಸಬಹುದು. ಹೆಸರಿಲ್ಲದ ಆ ಕಸುಬುದಾರರ ವಿಷಯದಲ್ಲಿ ಈ ಗುರುತುಗಳಲ್ಲದೆ ಬೇರೆ ಶಾಸನವಿಲ್ಲ. ಧರ್ಮಸ್ಥಳದ ಸಂಗ್ರಹದಲ್ಲಿಯೂ ಕೊಯಮತ್ತೂರಿನ ಜಿ. ಡಿ. ಕಾರು ಸಂಗ್ರಹಾಲಯದಲ್ಲಿಯೂ ಹಳೆಯ ಗಾಡಿಗಳನ್ನು ನೋಡುವ ಆಸಕ್ತರು ಮುಂಭಾಗದ ಹೊಳಪಿನೊಡನೆ ಬಾಗಿಲಿನ ಒಳಮೈಯನ್ನೂ ಒಮ್ಮೆ ಗಮನಿಸಬೇಕು.

ಹಲಗೆ ಪೂರ್ತಿ ಕೊಳೆತು ಉಳಿಸಲು ಅಸಾಧ್ಯವಾದ ಸಂದರ್ಭಗಳೂ ಇರುತ್ತವೆ. ಆಗಲೂ ಹಳೆಯದನ್ನೇ ಅಚ್ಚಾಗಿ ಇಟ್ಟುಕೊಂಡು ಹೊಸ ಹಲಗೆಯನ್ನು ಕತ್ತರಿಸಿ, ಮೂಲದ ಮೇಲುಬಟ್ಟೆ ಗಟ್ಟಿಯಿದ್ದರೆ ಅದನ್ನೇ ಬಿಡಿಸಿ ಮತ್ತೆ ಹೊದಿಸುವುದುಂಟು. ಹೊಸ ಹಲಗೆಯ ಬೆನ್ನಿಗೂ ಅಂಚಿಗೂ ನೀರು ಹಿಡಿಯದ ವಾರ್ನಿಷನ್ನು ಬಳಿದು, ತಗಡಿಗೂ ಹಲಗೆಗೂ ನಡುವೆ ಪಾಲಿಥೀನ್ ಹಾಳೆಯೊಂದನ್ನು ಇಳಿಬಿಟ್ಟು, ಬಾಗಿಲಿನ ತಳದ ಕಿಂಡಿಗಳನ್ನು ತಂತಿಯಿಂದ ಚೊಕ್ಕಟಮಾಡಿದ ಮೇಲೆಯೇ ಕ್ಲಿಪ್ಪುಗಳನ್ನು ಒತ್ತಬೇಕು. ಒತ್ತುವ ಮುಂಚೆ, ಬೆನ್ನಿನ ಒಂದು ಮೂಲೆಯಲ್ಲಿ ಸೀಸದಕಡ್ಡಿಯಿಂದ ದುರಸ್ತಿಯ ವರ್ಷವನ್ನೂ ಬಳಸಿದ ಅಂಟಿನ ಹೆಸರನ್ನೂ ಅದನ್ನು ಮಾಡಿದವನ ಹೆಸರನ್ನೂ ಬರೆದಿಡುವುದಕ್ಕೆ ಅರ್ಧ ನಿಮಿಷ ಸಾಕು.